ಗೋಡೆ ಹೇಳದೇ ಹೋದ ಮಾತು

ಮಾರ್ಚ್ ೧೪, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ನಿನ್ನ ಪತ್ರ ಬಂದು ಮೂರು ವಾರವಾಯಿತು. ಫೋನನ್ನೂ ಎತ್ತಲಿಲ್ಲ. ಕೆಲಸದ ಒತ್ತಡ ಎಂದು ಬರೆದರೆ ನೀನು ನಗುತ್ತೀಯ. ಸಿನಿಮಾ ಮಕಾಡೆ ಮಲಗಿದ ಮೇಲೆ ಚಿತ್ರಕಥೆ ಬರೆದವನಿಗೆ ಎಲ್ಲಿಯ ಕೆಲಸ? ನಿನಗೆ ಮುಖ ತೋರಿಸಲು ನಾಚಿಕೆಯಾಗಿತ್ತು, ಅಷ್ಟೆ.

ಕಥೆಯ ಎಳೆ ನಿನ್ನದೇ. ಅಮ್ಮ ತೀರಿಕೊಂಡ ವರ್ಷ ಅವಳ ಕೋಣೆಗೆ ಬಣ್ಣ ಬಳಿಯುತ್ತಾ ನೀನು ಬ್ರಷ್ ನಿಲ್ಲಿಸಿ ಹೇಳಿದ್ದೆ: "ಈ ಗೋಡೆ ಕೇಳಿಸಿಕೊಂಡಿದ್ದನ್ನೆಲ್ಲ ವಾಪಸ್ ಹೇಳೋ ಯಂತ್ರ ಇದ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು ಅಲ್ವೇನೋ?" ನಿರ್ಮಾಪಕರಿಗೆ ಇದೊಂದನ್ನೇ ಹೇಳಿದೆ. ಕುರ್ಚಿಯಿಂದ ಎದ್ದು ಬಂದು ಕೈ ಕುಲುಕಿದರು.

ಸಿನಿಮಾ ಬಿಡುಗಡೆಯಾದ ಮೊದಲ ದಿನ ಕೊನೆಯ ಸಾಲಿನಲ್ಲಿ ಕೂತಿದ್ದೆ. ಮಗಳು ಯಂತ್ರ ಹೊತ್ತು ಸತ್ತ ತಾಯಿಯ ಕೋಣೆಗೆ ಬರುವವರೆಗೂ ಯಾರೂ ಪಿಟಕ್ಕೆನ್ನಲಿಲ್ಲ. ಅವಳು ಗುಂಡಿ ಒತ್ತಿದಳು. ತಂತಿ ಸುಟ್ಟುಹೋಯಿತು. ಅಲ್ಲಿಂದ ಮುಂದೆ ವಿಜ್ಞಾನಿಯೊಬ್ಬ ಬಂದು ಬೋರ್ಡಿನ ಮೇಲೆ ಹನ್ನೊಂದು ನಿಮಿಷ ತರಂಗಗಳ ಪಾಠ ಮಾಡುತ್ತಾನೆ. "ಈ ಮೇಷ್ಟ್ರು ಬೆಲ್ ಯಾವಾಗ ಹೊಡೀತಾರ್ರೀ?" ಎಂದು ಮುಂದಿನಿಂದ ಯಾರೋ ಕೂಗಿದರು. ಇಡೀ ಚಿತ್ರಮಂದಿರ ನಕ್ಕಿತು. ನನಗೂ ನಗು ಬಂತು, ಹಾಳಾದ್ದು. ಆಮೇಲೆ ಕಾರುಗಳು ಒಂದನ್ನೊಂದು ಅಟ್ಟಾಡಿಸಿದವು, ಯಂತ್ರ ಸಿಡಿಯಿತು. ದೀಪ ಹತ್ತುವ ಮೊದಲೇ ಅಲ್ಲಿಂದ ಕಾಲ್ಕಿತ್ತೆ.

ನಿರ್ದೇಶಕರದ್ದೇನೂ ತಪ್ಪಿಲ್ಲ. ಆ ದೃಶ್ಯವನ್ನು ಒಂಬತ್ತು ಸಲ ವಾಪಸ್ ಕಳಿಸಿದ್ದರು. "ತಾಯಿ ಎರಡೇ ಎರಡು ಮಾತಾಡಲಿ ಕಣಯ್ಯ, ಸಾಕು" ಎಂದು ಅಂಗಲಾಚಿದರು. ಪ್ರತಿ ಸಲವೂ ನಾನು ವಿಜ್ಞಾನಿಯ ಪಾಠಕ್ಕೆ ಇನ್ನೊಂದು ಪುಟ ಸೇರಿಸಿ ಕೊಟ್ಟೆ.

ನೀನು ಬೈದಿಲ್ಲ. "ಮೊದಲರ್ಧ ಚೆನ್ನಾಗಿದೆ ಕಣೋ. ಆದ್ರೆ ಮಗಳು ಅಷ್ಟು ದೂರ ಬಂದ್ರೂ ಆ ತಾಯಿ ಮಾತಾಡಲೇ ಇಲ್ವಲ್ಲ, ಯಾಕೋ?" ಎಂದಷ್ಟೇ ಬರೆದಿದ್ದೀಯ. ಬೈದಿದ್ದರೇ ವಾಸಿಯಿತ್ತು.

ಭಾವನಿಗೆ ನಮಸ್ಕಾರ ಹೇಳು. ಮಕ್ಕಳು ನೂರು ಕಾಲ ಬಾಳಲಿ, ಸಿನಿಮಾದವರಾಗುವುದು ಮಾತ್ರ ಬೇಡ. ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ನಿನ್ನ ತಮ್ಮ,
ಮೊದ್ದು

ತಾ.ಕ.: ಮರೆತು ಬಿಟ್ಟಿದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ಅಮ್ಮ ತೀರಿಕೊಂಡ ದಿನ ಬಸ್ಸು ತಪ್ಪಿತು ಎಂದಿದ್ದೆನಲ್ಲ, ಸುಳ್ಳು. ಆ ಕೋಣೆಯ ಬಾಗಿಲ ಹೊರಗೇ ನಿಂತಿದ್ದೆ. "ಮೊದ್ದು ಬಂದ್ನಾ?" ಎಂದು ಅಮ್ಮ ಕೇಳಿದ್ದು, "ಬರ್ತಿದ್ದಾನಮ್ಮ" ಎಂದು ನೀನು ಹೇಳಿದ್ದು, ಎರಡೂ ಕೇಳಿಸಿದವು. ಅವಳನ್ನು ಆ ಸ್ಥಿತಿಯಲ್ಲಿ ನೋಡಲು ಹೆದರಿ ಒಳಗೆ ಬರಲಿಲ್ಲ. ಸಿನಿಮಾದ ತಾಯಿಗೆ ಏನು ಮಾತು ಬರೆಯಹೋದರೂ ಆ ಪ್ರಶ್ನೆಯೇ ಬರುತ್ತಿತ್ತು, ಅಕ್ಕ. ಅದಕ್ಕೇ ತಂತಿ ಸುಟ್ಟೆ.