ಸಿರ್ಮಾಳ ಫೋಟೋ

ಮಾನ್ಯ ಪ್ರೊಫೆಸರ್ ಗಂಚೆವ್ ಅವರಿಗೆ,

ನಮ್ಮ ಪಶುವೈದ್ಯ ವಿಭಾಗದ ವೆಬ್‌ಸೈಟ್ ನೋಡಿದೆ. ಸಂಶೋಧನಾ ಆಸಕ್ತಿಗಳ ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ ‘ಕುದುರೆಯ ಉಬ್ಬಸದಿಂದ ಮನುಷ್ಯರ ಉಬ್ಬಸವನ್ನು ಅರಿಯುವುದು’ ಎಂದಿದೆ. ಹನ್ನೊಂದು ವರ್ಷ ಆ ಕೆಲಸ ಮಾಡಿದವಳು ನಾನು. ನನ್ನ ಹೆಸರಿನ ಮುಂದೆ ಈಗ ‘ಬೋಧನೆ’ ಎಂದಷ್ಟೇ ಇದೆ. ಕೇಳಿದ್ದಕ್ಕೆ ನೀವು ನಕ್ಕು, “ಆಸಕ್ತಿ ಯಾರಿಗೆ ಬೇಕಾದ್ರೂ ಇರಬಹುದಲ್ಲಮ್ಮಾ, ನೀನೇನು ಪಟ್ಟಾ ಮಾಡಿಸ್ಕೊಂಡಿದ್ದೀಯಾ?” ಎಂದಿರಿ. ಇರಲಿ, ಅದನ್ನು ಮತ್ತೆ ಕೇಳುವುದಿಲ್ಲ.

ಆದರೆ ಅದೇ ಪುಟದಲ್ಲಿ ಹಾಕಿಸಿರುವ ಫೋಟೋ ಬದಲಿಸಿ. ಕುದುರೆಗಳನ್ನು ಸಿಂಗರಿಸುವ ತೋದೋರ್ ಹಬ್ಬದ ದಿನ ನಾನು ಊರಲ್ಲಿರಲಿಲ್ಲ. ನಮ್ಮ ಉಬ್ಬಸದ ಕುದುರೆ ಸಿರ್ಮಾಳಿಗೆ ಜಡೆ ಹೆಣೆಸಿ, ಪಕ್ಕದಲ್ಲಿ ನಿಂತು ತೆಗೆಸಿಕೊಂಡಿದ್ದೀರಿ. ಲಾಯದ ಮಿಂಚೋ ಅಣ್ಣ ಹೇಳಿದ: “ಹುಲ್ಲು ನೆನೆಸಿ ಹಾಕ್ತೀನಿ ಅಂದೆ ಡಾಕ್ಟ್ರಮ್ಮಾ. ಒದ್ದೆ ಹುಲ್ಲು ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ ಅಂತ ಒಣಹುಲ್ಲೇ ಹಾಕ್ಸಿದ್ರು.” ಒಣಹುಲ್ಲಿನ ದೂಳೇ ಅವಳಿಗೆ ವಿಷ. ಇನ್ನೊಂದು ಸಲ ಹೀಗಾದರೆ ಅವಳು ಉಳಿಯುವುದಿಲ್ಲ. ದಯವಿಟ್ಟು ಅರ್ಧ ಗಂಟೆ ನೆನೆಸಿದ ಹುಲ್ಲನ್ನೇ ಹಾಕಲು ಹೇಳಿ.

ಫೋಟೋದ ಕೆಳಗೆ ‘ಹಬ್ಬದ ಉತ್ಸಾಹದಲ್ಲಿ ಸಿರ್ಮಾ’ ಎಂದು ಬರೆಸಿದ್ದೀರಿ. ಆ ಅರಳಿದ ಹೊಳ್ಳೆಗಳು ಉತ್ಸಾಹವಲ್ಲ, ಸರ್. ಅವಳಿಗೆ ಉಸಿರು ಸಿಗುತ್ತಿಲ್ಲ. ನಮ್ಮ ಮೊದಲ ವರ್ಷದ ವಿದ್ಯಾರ್ಥಿಗಳೂ ಅದನ್ನು ನೋಡಿದ ಕೂಡಲೇ ಗುರುತಿಸುತ್ತಾರೆ. ಅವರಿಗೆ ಕಲಿಸಿದವಳು ನಾನೇ.

ಇಂತಿ,
ರಾಲಿತ್ಸಾ ವೆಲ್ಕೋವಾ
ಆಸಕ್ತಿ: ಬೋಧನೆ