ತೋಫು ಅಂಗಡಿಯವಳ ರಕ್ತ

ಜೂನ್ 3, ಬೆಳಗ್ಗೆ 4

ತೋಫುವಿಗೆ ಸೋಯಾ ಕಾಳು ನೆನೆದಿದೆ. ಈಗ ನಲ್ಲಿ ನೀರಿನಲ್ಲಿ. ನಮ್ಮ ಬಾವಿಗೆ ನಗರಸಭೆ ಬೀಗ ಹಾಕಿ ವರ್ಷವಾಯಿತು. ಮೇಲಿನ ಕಾರ್ಖಾನೆಯ ರಾಸಾಯನಿಕ ಇಳಿದಿದೆಯಂತೆ. ಬೀಗ ಬಿತ್ತು, ಕಥೆ ಮುಗಿಯಿತು ಎನ್ನುತ್ತಾರೆ. ಇಷ್ಟು ವರ್ಷ ಕುಡಿದದ್ದು ಎಲ್ಲಿ ಹೋಯಿತು? ಕೇಳಿದರೆ ನಗರಸಭೆಯವರು ಸೊಂಟ ಬಗ್ಗಿಸಿ ವಂದಿಸುತ್ತಾರೆ, ಅಷ್ಟೇ. ಮೈ ಉರಿಯುತ್ತದೆ.

ಭಾನುವಾರ ಡಾಕ್ಟರ್ ಮೊರಿವಾಕಿ ಸಮುದಾಯ ಭವನದಲ್ಲಿ ಆ ರಾಸಾಯನಿಕದ ಪರೀಕ್ಷೆಗೆ ರಕ್ತ ತೆಗೆಯುತ್ತಾರೆ. ಹೋಗುತ್ತೇನೆ.

ಜೂನ್ 5

ಬೀದಿ ಸಂಘದ ಅಧ್ಯಕ್ಷ ಕುವಾಹಾರಾ ಬಂದಿದ್ದರು. ಕೈಯಲ್ಲಿ ಸಿಹಿ ಡಬ್ಬಿ.

"ಕಿನುಯೊ-ಸಾನ್, ಈ ರಕ್ತಗಿಕ್ತ ಎಲ್ಲಾ ಯಾಕ್ರೀ? ನಂಬರ್ ಹೊರಗ್ ಬಂದ್ರೆ ನಮ್ಮೂರ ಈರುಳ್ಳಿ ಯಾರ್ ತಗೋತಾರೆ? ನಿಮ್ ತೋಫು ಗತಿನೂ ಅಷ್ಟೇ."

ಅತ್ತೆ ಒಳಗಿನಿಂದಲೇ, "ಡಬ್ಬಿ ಇಟ್ಟು ಹೋಗಪ್ಪಾ. ನಾನೂ ಕೊಡ್ತೀನಿ. ಎಂಬತ್ತಾರು ವರ್ಷದ ರಕ್ತ, ಜಾಡಿಲಿಟ್ಟ ಸೋಯಾ ಮಿಸೊ ಥರ ಚೆನ್ನಾಗಿ ಹುದುಗು ಬಂದಿರುತ್ತೆ!"

ಜೂನ್ 8

ಸೂಜಿ ಚುಚ್ಚುತ್ತ ಡಾಕ್ಟರ್ ಅಂದರು: "ನೀರು ನೋಡಿದ್ರೆ ಇವತ್ತಿಂದು ಗೊತ್ತಾಗುತ್ತೆ. ಇಷ್ಟು ವರ್ಷ ಒಳಗೆ ಎಷ್ಟು ಸೇರ್ಕೊಂಡಿದೆ ಅನ್ನೋದನ್ನ ರಕ್ತಾನೇ ಹೇಳ್ಬೇಕು."

ಆಗಸ್ಟ್ 20

ರಕ್ತದಲ್ಲಿ ಆ ರಾಸಾಯನಿಕ ಎಷ್ಟಿದೆ ಎಂಬ ಲೆಕ್ಕ ಬಂತು. ನನ್ನದು 41. ಅತ್ತೆಯದು 58. ಕಾಯಿಲೆ ಎಂದೇನಲ್ಲ, ಆದರೆ ಇಪ್ಪತ್ತು ದಾಟಿದರೆ ತಪಾಸಣೆ ತಪ್ಪಿಸಬಾರದಂತೆ. ಈ ಬೀದಿಯವರೆಲ್ಲ ತಿಂದದ್ದು ನಮ್ಮ ಬಾವಿ ನೀರಿನ ತೋಫು...

ಆಗಸ್ಟ್ 27

ನಗರಸಭೆಗೆ ಹೋದೆ. ಊರಿನವರೆಲ್ಲರ ರಕ್ತ ಪರೀಕ್ಷಿಸಿ ಎಂದೆ.

"ಡಾಕ್ಟರ್ ಕೊಟ್ಟಿರೋ ಪಟ್ಟಿಲಿ ಬರೀ ನಂಬರ್ ಇದೆ, ಹೆಸರೇ ಇಲ್ವಲ್ಲಮ್ಮ. ಯಾರ್ದು ಅಂತ ನಂಬೋಣ?" ಎಂದ ಗುಮಾಸ್ತ.

ಹೆಸರು ಹೇಳಿದರೆ ಮಾನ ಹೋಗುತ್ತದೆ ಎಂದು ಎಲ್ಲರೂ ಬಾಯಿ ಮುಚ್ಚಿದ್ದಾರೆ. ಸರಿ, ನನ್ನದೇ ಹೋಗಲಿ. ಅಂಗಡಿಗೆ ಬಂದು ಬೆಲೆ ಬರೆಯುವ ಕಪ್ಪು ಹಲಗೆ ಒರೆಸಿದೆ. 'ಸುಗಿಮೊರಿ ಕಿನುಯೊ, ರಕ್ತದಲ್ಲಿ 41. ಸುಗಿಮೊರಿ ತೊಮೆ, 58.' ಬೀದಿಗೆ ಮುಖ ಮಾಡಿ ಇಟ್ಟೆ.

ಆಗಸ್ಟ್ 30

ಒಂದು ತುಂಡೂ ಮಾರಾಟವಿಲ್ಲ. ನಾವೇ ತಿನ್ನುತ್ತಿದ್ದೇವೆ. ಅಂಗಡಿ ಮುಚ್ಚಬೇಕಾದೀತು. ಭಯವಾಗುತ್ತದೆ. ಹಲಗೆ ಮಾತ್ರ ಅಳಿಸುವುದಿಲ್ಲ.

ಸೆಪ್ಟೆಂಬರ್ 2, ಬೆಳಗ್ಗೆ

ಹಲಗೆಯ ಮುಂದೆ ಕುವಾಹಾರಾ. ಒರೆಸಲು ಬಂದಿದ್ದಾರೆಂದು ಸೌಟು ಹಿಡಿದೇ ಓಡಿದೆ. "ಮುಟ್ಟಿ ನೋಡೋಣ!"

ಅವರು ತಿರುಗಲೂ ಇಲ್ಲ. "ಸೀಮೆಸುಣ್ಣ ಕೊಡ್ರೀ. ನನ್ ಹೆಂಡ್ತಿದು 63. ನಾನೇ ಕದ್ದುಮುಚ್ಚಿ ಕರ್ಕೊಂಡೋಗಿ ರಕ್ತ ಕೊಡ್ಸಿದ್ದೆ."

ಹೆಂಡತಿಯ ಹೆಸರು ದೊಡ್ಡದಾಗಿ ಬರೆದರು. ಈಗ ಮೀನಿನಂಗಡಿಯವಳು ಬರೆಯುತ್ತಿದ್ದಾಳೆ. ಹಿಂದೆ ಇನ್ನೂ ನಾಲ್ಕು ಜನ. ಹಲಗೆಯಲ್ಲಿ ಜಾಗವಿಲ್ಲ. ಅತ್ತೆ ಬರೆಯಲೆಂದು ಅಂಗಡಿಯ ಜಾರುಬಾಗಿಲನ್ನೇ ಕಳಚುತ್ತಿದ್ದಾರೆ, ಒಬ್ಬರೇ, ಈ ವಯಸ್ಸಿನಲ್ಲಿ — ಹೋಗಿ ಹಿಡಿಯದಿದ್ದರೆ —