ಮಧ್ಯದ ಸೀಟಿನಲ್ಲಿ ಇಪ್ಪತ್ತಮೂರನೆಯ ಅಧ್ಯಾಯ

ಹವಾನಾ ಬಿಟ್ಟು, ಪನಾಮಾ ತಲುಪುವ ಮುನ್ನ
ವಿಮಾನದೊಳಗಿಂದ
ಬುಧವಾರ, ನವೆಂಬರ್ 14, 2018

ನನ್ನ ಎಲೋಯಿನಾ,

ಈ ಹೊತ್ತಿಗೆ ನೀನು ಎರಡನೆಯ ಸಾಲಿನ ನಿನ್ನ ಮೇಜಿಗೆ ಬಾಗಿ ಹೊಗೆಸೊಪ್ಪಿನ ಎಲೆ ನೀವುತ್ತಾ, ನಡುನಡುವೆ ತಲೆಯೆತ್ತಿ ನನ್ನ ಖಾಲಿ ಕುರ್ಚಿ ನೋಡಿ ಬೈಯುತ್ತಿರುತ್ತೀ. ಬೈದುಕೋ. ಮೂವತ್ತೊಂದು ವರ್ಷ ನೀವು ನೂರಾ ಅರವತ್ತು ಜನ ಚುಟ್ಟ ಸುರುಟುವಾಗ ಆ ಕುರ್ಚಿಯಲ್ಲಿ ಕೂತು ಬೆಳಿಗ್ಗೆ ಪೇಪರು, ಊಟವಾದ ಮೇಲೆ ಕಾದಂಬರಿ ಓದಿ ಹೇಳಿದವಳು ನಾನು. ಇವತ್ತು ಎದ್ದು ನಿಲ್ಲುವುದಕ್ಕೂ ಅಪ್ಪಣೆಯಿಲ್ಲದೆ ಆಕಾಶದಲ್ಲಿ ಕೂತಿದ್ದೇನೆ.

ಕಿಟಕಿಯ ಕಡೆ ಒಬ್ಬ ದಢೂತಿ ಮನುಷ್ಯ. ವಿಮಾನ ಏಳುವ ಮೊದಲೇ ನಿದ್ದೆ ಹೋದ, ಅವನ ಮೊಣಕೈ ನನ್ನ ಪಕ್ಕೆಯಲ್ಲಿದೆ. ಈಚೆ ಕಡೆ ಒಡಾಲಿಸ್ ಅಂತ, ನಮ್ಮ ಪಕ್ಕದ ಪ್ಲಾಸೆತಾಸ್ ಊರಿನವಳು. ಪನಾಮಾದಿಂದ ಚಪ್ಪಲಿ, ಬನಿಯನ್ನು, ಫ್ಯಾನಿನ ಮೋಟಾರು ಹೊತ್ತು ತಂದು ಮಾರುತ್ತಾಳೆ. ಹೋಗುವಾಗಲೇ ಮೂರು ಖಾಲಿ ಚೀಲಗಳನ್ನು ಕಾಲಡಿ ತುರುಕಿಕೊಂಡಿದ್ದಾಳೆ, ಅದರಲ್ಲೊಂದು ನನ್ನ ಕಾಲಡಿಗೂ ಬಂದಿದೆ. ಇಬ್ಬರ ನಡುವೆ ಅಡಕತ್ತರಿಗೆ ಸಿಕ್ಕಿದ ಹಾಗಿದ್ದೇನೆ. ಮೂತ್ರಕ್ಕೆ ಹೋಗಬೇಕೆಂದರೂ ಒಂದು ಭಾಷಣ ಮಾಡಿ ಎಬ್ಬಿಸಬೇಕು.

ನೀನು ಬೀಳ್ಕೊಡುವಾಗ ನನ್ನ ಕೈಗಿಟ್ಟೆಯಲ್ಲ, ನಿಮ್ಮಮ್ಮ ಎಲೆ ಕತ್ತರಿಸುತ್ತಿದ್ದ ಆ ಬಾಗಿದ ಅಲಗು, ಅದು ಹೋಯಿತು. ಹವಾನಾದಲ್ಲಿ ತಪಾಸಣೆಯವನು ಬೆರಳಲ್ಲಿ ಎತ್ತಿ ಹಿಡಿದು, "ಇದು ಚಾಕು ಕಣಮ್ಮ, ಒಳಗೆ ಬಿಡಲ್ಲ," ಎಂದ. ಇದು ಚಾಕು ಅಲ್ಲಪ್ಪಾ, ಇದು ನಮ್ಮ ಚಪ್ಪಾಳೆ ಎಂದೆ. ಓದಿದ್ದು ಹಿಡಿಸಿದರೆ ನೀವೆಲ್ಲ ಅಲಗನ್ನು ಮೇಜಿಗೆ ಕುಟ್ಟುತ್ತೀರಿ, ಹಿಡಿಸದಿದ್ದರೆ ನೆಲಕ್ಕೆ ಎಸೆಯುತ್ತೀರಿ ಎಂದು ಅವನಿಗೆ ಹೇಗೆ ತಿಳಿಸಲಿ? ಅವನು ಅದನ್ನು ಡಬ್ಬಿಗೆ ಹಾಕಿದಾಗ ಆದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ನನ್ನನ್ನು ಕ್ಷಮಿಸು. ಆದರೆ ಎಲೋಯಿನಾ, ಮೂರು ವಾರಕ್ಕೆ ಮಗಳ ಮನೆಗೆ ಹೊರಟವಳಿಗೆ ಅಮ್ಮನ ಅಲಗನ್ನು ಯಾರಾದರೂ ಕೊಡುತ್ತಾರೆಯೇ? ಆಗಲೇ ಕೇಳಬೇಕೆಂದಿದ್ದೆ, ಧೈರ್ಯ ಬರಲಿಲ್ಲ.

ಇನ್ನೊಂದು ವಿಷಯ. ವಿಮಾನದ ಬಾಗಿಲು ಹಾಕಿದ ಮೇಲೆ ಪೆಪ್ಪರಮಿಂಟಿಗೆಂದು ಚೀಲದಲ್ಲಿ ಕೈಯಾಡಿಸಿದೆ. ಕೈಗೆ ಸಿಕ್ಕಿದ್ದು ಕಾರ್ಖಾನೆಯ ಪುಸ್ತಕ! ಪೇಪರಿನ ರಟ್ಟು, ಇಪ್ಪತ್ತಮೂರನೆಯ ಅಧ್ಯಾಯಕ್ಕೆ ಕೆಂಪು ದಾರ, ಎಲ್ಲ ಹಾಗೇ ಇದೆ. ಅವಸರದಲ್ಲಿ ಮರೆತು ತುಂಬಿಕೊಂಡು ಬಂದಿದ್ದೇನೆ. ಇಳಿಯುವ ಹಾಗಿಲ್ಲ, ಯಾರ ಕೈಯಲ್ಲೂ ಕಳಿಸುವ ಹಾಗಿಲ್ಲ, ಬೆಲ್ಟು ಬಿಗಿದಿದ್ದಾರೆ. ಊರಿನಲ್ಲಿರುವುದು ಅದೊಂದೇ ಪ್ರತಿ. ಹೋದ ಶುಕ್ರವಾರ ಓಟದ ಕುದುರೆಗೆ ವಿಷ ಹಾಕಿದ ಜಾಗದಲ್ಲಿ ನಿಲ್ಲಿಸಿ ಎದ್ದಾಗ ಎಷ್ಟು ಗಲಾಟೆ ಮಾಡಿದಿರಿ! ನೀನು ಕುದುರೆ ಕೊಂದದ್ದು ಕಥೆಯ ವಿಧವೆಯೇ ಎನ್ನುತ್ತೀ, ಮುದುಕ ಫೆರ್ಮಿನ್ ಅವಳ ಭಾವನೇ ಎಂದು ಮೀಸೆ ಪಣಕ್ಕಿಟ್ಟಿದ್ದಾನೆ. ನನಗೂ ಗೊತ್ತಿಲ್ಲ. ಮುಂದಿನದನ್ನು ಮೊದಲೇ ಓದಿಕೊಳ್ಳದೆ ನಿಮ್ಮ ಜೊತೆಗೇ ತಿಳಿಯಬೇಕೆಂಬುದು ನನ್ನ ಹಠ, ನಿನಗೆ ಗೊತ್ತೇ ಇದೆ.

ಬೇಸರಕ್ಕೆ ಪುಸ್ತಕ ತೆರೆದೆ. ನಗಬೇಡ, ನನಗೆ ಮನಸ್ಸಿನಲ್ಲೇ ಓದಲು ಬರುವುದಿಲ್ಲ! ಮೂವತ್ತೊಂದು ವರ್ಷ ಕಾರ್ಖಾನೆಯ ಕೊನೆಯ ಸಾಲಿಗೆ ಕೇಳಿಸಬೇಕೆಂದು ಓದಿದ ಗಂಟಲು ಸುಮ್ಮನಿರಲೊಲ್ಲದು. ತುಟಿ ಬಿಗಿದೆ, ಗುಣುಗುಣು ಎಂದು ಒಳಗಿಂದ ಬಂತು. ಕೈಯಿಂದ ಬಾಯಿ ಮುಚ್ಚಿಕೊಂಡೆ, ಮೂಗಿನಿಂದ ಬಂತು. ಒಡಾಲಿಸ್ ಸ್ವಲ್ಪ ಹೊತ್ತು ಸಹಿಸಿದಳು. ಆಮೇಲೆ ತಿರುಗಿ, "ಅಕ್ಕಾ, ಇದೇನು ಮಂತ್ರಾನಾ, ಕಥೇನಾ? ಓದೋದಾದ್ರೆ ಸರಿಯಾಗಿ ಓದಿ. ಹಿಂಗೆ ಅರ್ಧಂಬರ್ಧ ಕೇಳಿಸ್ಕೊಂಡು ತಲೆ ಚಿಟ್ಟು ಹಿಡೀತು," ಎಂದಳು.

ಸರಿಯಾಗಿ ಓದಿದೆ.

ಮೊದಲು ಅವಳೊಬ್ಬಳಿಗೆ. ಆಮೇಲೆ ಮುಂದಿನ ಸಾಲಿನ ಎರಡು ತಲೆಗಳು ಹಿಂದಕ್ಕೆ ವಾಲಿದವು. ಗಗನಸಖಿ ಬಂದು ದನಿ ತಗ್ಗಿಸಿ, ಬೇರೆ ಪ್ರಯಾಣಿಕರಿಗೆ ತೊಂದರೆಯಾಗುತ್ತದೆ ಎಂದಳು. ಹಿಂದಿನ ಸಾಲಿನಿಂದ ಯಾರೋ, "ತೊಂದ್ರೆ ಆಗ್ತಿರೋದು ನಿಮ್ಮಿಂದ ಕಣಮ್ಮ. ಆ ಅಡುಗೆಯವಳು ಲಾಯದ ಕಡೆ ಯಾಕೆ ಹೋದ್ಲು, ಅದು ಹೇಳೋಕೆ ಬಿಡಿ," ಎಂದ. ಹುಡುಗಿ ತಳ್ಳುಗಾಡಿ ಹಿಡಿದು ನಿಂತಲ್ಲೇ ನಿಂತಳು, ಕಾಫಿ ಆರಿತು. ನಿದ್ದೆ ಹೋಗಿದ್ದ ದಢೂತಿಯವನು ಕಣ್ಣು ಮುಚ್ಚಿಕೊಂಡೇ, "ಭಾವಾನೇ," ಎಂದ. ಇಷ್ಟು ಹೊತ್ತೂ ಅವನು ಬೆಕ್ಕಿನ ನಿದ್ದೆ ಮಾಡುತ್ತಿದ್ದನೆಂದು ಆಗ ತಿಳಿಯಿತು.

ಪನಾಮಾದಲ್ಲಿ ಗುಡುಗು ಮಳೆಯಂತೆ, ಇಳಿಯಲು ಬಿಡುತ್ತಿಲ್ಲ. ಒಂದು ಗಂಟೆಯಿಂದ ಅದೇ ಮೋಡದಲ್ಲಿ ಸುತ್ತುತ್ತಿದ್ದೇವೆ. ವಿಮಾನ ಕುಲುಕಿದಾಗಲೆಲ್ಲ ಜನ ದೇವರ ಹೆಸರು ಹೇಳಿ, ಆಮೇಲೆ ಮುಂದೆ ಓದಿ ಎಂದರು. ಇಪ್ಪತ್ತೈದನೆಯ ಅಧ್ಯಾಯ ಮುಗಿಸಿದೆ. ವಿಧವೆ ಔಷಧದ ಸೀಸೆ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ, ಒಳಗಿನಿಂದ ಭಾವ ಕರೆಯುತ್ತಿದ್ದಾನೆ. ಅಲ್ಲಿಗೆ ಪುಸ್ತಕ ಮುಚ್ಚಿದೆ. ಚಪ್ಪಾಳೆ ತಟ್ಟಿದರು, ಐದಾರು ಸಾಲಿನವರು. ಮೆತ್ತಗಿನ ಅಂಗೈಗಳ ಸದ್ದು ಅದು. ನೂರಾ ಅರವತ್ತು ಅಲಗುಗಳು ಒಟ್ಟಿಗೆ ಮರಕ್ಕೆ ಬೀಳುವ ಸದ್ದನ್ನು ನನ್ನ ಕಿವಿ ಕಾಯುತ್ತಿತ್ತು. ನನಗೆ ಅಳು ಬಂತು.

ಉಳಿದದ್ದು ಒಂದೇ ಅಧ್ಯಾಯ, ಐದೇ ಪುಟ. ಓದಿ ಎಂದು ಒಡಾಲಿಸ್ ಪೀಡಿಸಿದಳು. ಉಳಿದದ್ದು ನಾಳೆಗೆ ಎಂದೆ, ದಿನಾ ನಿಮಗೆ ಹೇಳಿದ ಹಾಗೆ, ಯೋಚಿಸದೆ. ಅವಳು ನನ್ನ ಮುಖವನ್ನೇ ನೋಡಿದಳು.

"ಯಾವ ನಾಳೆ ಅಕ್ಕಾ? ಇನ್ನೊಂದು ಗಂಟೇಲಿ ಎಲ್ರೂ ಇಳ್ಕೊಂಡು ಒಂದೊಂದು ದಿಕ್ಕಿಗೆ ಹೋಗ್ತೀವಿ. ನೀವು ವಾಪಸ್ ಯಾವಾಗ?"

ಮೂರು ವಾರ ಬಿಟ್ಟು ಎಂದೆ. ಎಂದವಳು ಚೀಲದಿಂದ ಇಣುಕುತ್ತಿದ್ದ ಟಿಕೆಟನ್ನು ಒಳಗೆ ತಳ್ಳಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತು. ಅವಳು ದನಿ ತಗ್ಗಿಸಿ, "ನಾನು ತಿಂಗಳಿಗೆ ಎರಡು ಸಲ ಟಿಕೆಟ್ ಮುಖ ನೋಡೋಳು. ಹತ್ತುವಾಗ್ಲೇ ನೋಡ್ದೆ. ನಿಮ್ಮದ್ರಲ್ಲಿ ಹೋಗೋದು ಮಾತ್ರ ಇದೆ, ವಾಪಸ್ ಬರೋದು ಇಲ್ಲ. ನಿಮ್ಗೆ ಗೊತ್ತಿಲ್ವಾ, ಇಲ್ಲಾ ನಂಗೆ ಸುಳ್ಳು ಹೇಳ್ತಿದೀರಾ?" ಎಂದಳು.

ಗೊತ್ತಿತ್ತು, ಎಲೋಯಿನಾ. ಆಗಸ್ಟಿನಿಂದಲೇ ಗೊತ್ತಿತ್ತು. ಯಮಿಲ್ಕಾ ಮೊಂತೆವಿದೆಯೋ ಊರಿನಿಂದ ಫೋನು ಮಾಡಿ, ಅಮ್ಮಾ, ನಾನು ಕೆಲಸಕ್ಕೆ ಹೋದರೆ ಮಗು ನೋಡುವವರಿಲ್ಲ, ನೀನೂ ಅಲ್ಲಿ ಒಬ್ಬಳೇ, ಇಲ್ಲೇ ಬಂದಿರು ಎಂದಳು. ನಾನು ಓದುವ ಕೆಲಸ ಎಂದೆ. "ಅಮ್ಮಾ, ಅವ್ರು ಮೊಬೈಲಲ್ಲಿ ಕೇಳ್ಕೋತಾರೆ ಬಿಡು. ನನ್ ಮಗೂಗೆ ಯಾರ್ ಓದ್ತಾರೆ?" ಎಂದಳು. ಸೆಪ್ಟೆಂಬರಿನಲ್ಲಿ ಮನೆಯನ್ನು ನಮ್ಮವರ ಅಣ್ಣನ ಮಗನ ಹೆಸರಿಗೆ ಮಾಡಿ ರುಜು ಹಾಕಿದೆ. ಅವನ ಹೆಂಡತಿ ಆಗಲೇ ನನ್ನ ಅಡುಗೆಮನೆಗೆ ಹಸಿರು ಬಣ್ಣ ಬಳಿಸಿದ್ದಾಳೆ. ಹಿಂದೆ ಹೋಗಲು ಬಾಗಿಲಿಲ್ಲ, ಮುಂದೆ ಮೊಮ್ಮಗಳು ಕೈ ಚಾಚಿದ್ದಾಳೆ, ನಡುವೆ ನಾನು ಮೊಣಕೈಗೂ ಜಾಗವಿಲ್ಲದೆ ಕೂತಿದ್ದೇನೆ. ಮಗಳು ಕೆಟ್ಟವಳಾಗಿದ್ದರೆ ಬರುವುದಿಲ್ಲ ಎಂದು ಜಗಳವಾಡಿ ಉಳಿಯಬಹುದಿತ್ತು. ಅವಳು ಒಳ್ಳೆಯವಳು, ಅದೇ ಕಷ್ಟ.

ನಿನಗೆ ಹೇಳಿದ್ದರೆ ನೀನು ಹೋಗಬೇಡ ಎನ್ನುತ್ತಿದ್ದೆ, ನಾನು ಉಳಿದುಬಿಡುತ್ತಿದ್ದೆ. ಅದಕ್ಕೇ ಸುಳ್ಳು ಹೇಳಿದೆ. ಒಟ್ಟಿಗೆ ಕೆಲಸಕ್ಕೆ ಸೇರಿ, ಒಟ್ಟಿಗೆ ಗಂಡಂದಿರನ್ನು ಮಣ್ಣು ಮಾಡಿದವರು ನಾವು. ಬೇರೆಯವರು ನನಗೆ ಹೀಗೆ ಮಾಡಿದ್ದರೆ ನಾನು ಜನ್ಮದಲ್ಲಿ ಮಾತಾಡಿಸುತ್ತಿರಲಿಲ್ಲ.

ಈಗ ಕೆಲಸದ ಮಾತು. ಒಡಾಲಿಸ್ ಶುಕ್ರವಾರ ವಾಪಸು ಹೋಗುತ್ತಾಳೆ. ಪುಸ್ತಕವನ್ನೂ ಈ ಪತ್ರವನ್ನೂ ಅವಳ ಕೈಗೆ ಕೊಡುತ್ತೇನೆ. ಕಾರ್ಖಾನೆ ಗೇಟಿನಲ್ಲಿ ನಿನ್ನನ್ನೇ ಕರೆಸಿ ಕೊಡುತ್ತೇನೆಂದು ತನ್ನ ಮಕ್ಕಳ ಮೇಲೆ ಆಣೆ ಹಾಕಿದ್ದಾಳೆ. ನಮ್ಮ ನಿಯಮ ನಿನಗೆ ಗೊತ್ತು: ಶುರು ಮಾಡಿದವರೇ ಪುಸ್ತಕ ಮುಗಿಸಬೇಕು, ಮುಗಿಯುವ ತನಕ ಓದುಗರ ಕುರ್ಚಿಯಲ್ಲಿ ಬೇರೆಯವರು ಕೂರುವ ಹಾಗಿಲ್ಲ. ನಿಮ್ಮಮ್ಮನ ಕಾಲದಲ್ಲಿ ಮುದುಕ ಓದುಗ ಹಾಸಿಗೆ ಹಿಡಿದಾಗ ಐದು ತಿಂಗಳು ಕುರ್ಚಿ ಖಾಲಿ ಇಟ್ಟು ಕಾದರಂತೆ. ನನಗಾಗಿ ಹಾಗೆ ಕಾಯುವುದು ಬೇಡ. ಲಿಸಾಂದ್ರಾ ಒಳ್ಳೆಯ ಹುಡುಗಿ, ಕಾಯಿಲೆಯಾದಾಗ ನನ್ನ ಬದಲು ಪೇಪರು ಓದಿದ್ದಾಳೆ. ಸಾಲಿನ ಕೊನೆಯಲ್ಲಿ ಉಸಿರು ನುಂಗುತ್ತಾಳೆ, ತಿದ್ದು. ಇಪ್ಪತ್ತಮೂರರಿಂದ ಅವಳೇ ಓದಿ ಮುಗಿಸಲಿ. ನಾನೇ ಬಿಟ್ಟುಕೊಟ್ಟಿದ್ದೇನೆಂದು ಎಲ್ಲರೆದುರು ಈ ಪತ್ರ ಓದಿ ಹೇಳು. ಕುರ್ಚಿ ಅವಳದು.

ಇಳಿಯುತ್ತಿದ್ದೇವೆ ಎಂದು ಹೇಳುತ್ತಿದ್ದಾರೆ. ಮೇಜು ಮಡಚಬೇಕಂತೆ. ಮೊಣಕಾಲ ಮೇಲಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಓಡುತ್ತಿದೆ. ಸಂಜೆ ಯಮಿಲ್ಕಾಳ ಊರಿಗೆ ಇನ್ನೊಂದು ವಿಮಾನ, ಏಳು ಗಂಟೆಯ ಹಾದಿ, ಮತ್ತೆ ಮಧ್ಯದ ಸೀಟೇ. ಓದಲು ಕೈಯಲ್ಲಿ ಏನೂ ಇರುವುದಿಲ್ಲ.

ಮಂಡಿನೋವಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ಫೆರ್ಮಿನ್‌ಗೆ ಮೀಸೆ ಜೋಪಾನ ಎಂದು ಹೇಳು.

ನಿನ್ನ ಸುಳ್ಳುಗಾತಿ ಗೆಳತಿ,
ಸೆನೈದಾ

ಮರೆತ ಮಾತು: ವಿಮಾನ ನೆಲಕ್ಕೆ ಮುಟ್ಟಿದೆ, ಬಾಗಿಲು ಇನ್ನೂ ತೆರೆದಿಲ್ಲ, ಎಲ್ಲರೂ ಎದ್ದು ನಿಂತು ಒಬ್ಬರನ್ನೊಬ್ಬರು ತಳ್ಳುತ್ತಿದ್ದಾರೆ. ಎಲೋಯಿನಾ, ಕುರ್ಚಿ ಬಿಟ್ಟುಕೊಟ್ಟೆ ಎಂದು ಬರೆದದ್ದನ್ನು ಯಾರಿಗೂ ಓದಿ ಹೇಳಬೇಡ. ಪುಸ್ತಕ ಮರೆತು ತಂದದ್ದಲ್ಲ. ಬೀಗ ತೆಗೆದು, ಕಪಾಟಿನಿಂದ ನಾನೇ ಎತ್ತಿಕೊಂಡೆ. ಲಿಸಾಂದ್ರಾ ಪುಸ್ತಕದ ಕೊನೆಗೆ ಬಂದಾಗ ಕೊನೆಯ ಹಾಳೆ ಇರುವುದಿಲ್ಲ. ನಿಮ್ಮಮ್ಮನ ಅಲಗು ಇದ್ದಿದ್ದರೆ ಅಂಚು ನೀಟಾಗಿ ಬರುತ್ತಿತ್ತು. ಊಟದ ಜೊತೆ ಕೊಟ್ಟ ಪ್ಲಾಸ್ಟಿಕ್ ಚಾಕುವಿನಲ್ಲಿ ಕತ್ತರಿಸಿದ್ದು, ಹಲ್ಲು ಹಲ್ಲಾಗಿದೆ. ಅದನ್ನು ನಾಲ್ಕು ಮಡಿಕೆ ಮಾಡಿ ಎದೆಯೊಳಗೆ ಇಟ್ಟುಕೊಂಡಿದ್ದೇನೆ. ನಾನಿನ್ನೂ ಓದಿಲ್ಲ. ಸೋಮವಾರ ಸೋಮವಾರ ಕುರ್ಚಿಯ ಧೂಳು ಒರೆಸು. ಯಾರಾದರೂ ಕೂರಲು ಬಂದರೆ, ಪುಸ್ತಕ ಇನ್ನೂ ಮುಗಿದಿಲ್ಲ ಎನ್ನು.